ಟ್ರಿಪ್ಟೇಸ್ ಹುಡುಕುತ್ತ

ನವೆಂಬರ್ 4, 2025, ಮಂಗಳವಾರ. ಹುಬ್ಬಳ್ಳಿ

ಇವತ್ತಿನ ಸ್ಲೈಡುಗಳು ಚೆನ್ನಾಗಿ ಬಂದಿವೆ. ಚರ್ಮದ ತುಣುಕಿನಲ್ಲಿ ಸಣ್ಣ ರಕ್ತನಾಳಗಳ ಮಗ್ಗುಲಲ್ಲೇ ಮಾಸ್ಟ್ ಕೋಶಗಳು ಕಂದು ಬಣ್ಣ ಹಿಡಿದು ಕೂತಿದ್ದವು. ಒಂದೆರಡು ಕೋಶ ಒಡೆದು, ಒಳಗಿನ ಕಾಳುಗಳು ಸುತ್ತ ಚೆಲ್ಲಿದ್ದೂ ಕಂಡಿತು. ಪ್ರತಿಕಾಯ ಹಾಕದೆ ಬಿಟ್ಟ ಜೋಡಿ ಸ್ಲೈಡಿನಲ್ಲಿ ಒಂದು ಚುಕ್ಕೆ ಕಂದು ಇಲ್ಲ. ಅದು ಖಾಲಿ ಇದ್ದರಷ್ಟೇ ಈ ಕಂದು ಬಣ್ಣವನ್ನು ನಂಬಬೇಕು.

ಪಾಲ್ ಎರ್ಲಿಖ್ 1878ರಲ್ಲಿ ಈ ಕೋಶಗಳನ್ನು ಗುರುತಿಸಿದ್ದು ಬರೀ ಬಣ್ಣದಿಂದ. ಟೊಲುಯಿಡಿನ್ ಬ್ಲೂ ಹಾಕಿದರೆ ಈಗಲೂ ನೇರಳೆಯಾಗಿ ಕಾಣುತ್ತವೆ. ನಾವು ಬಳಸುವ ಎಎ1 ಪ್ರತಿಕಾಯ ಹಾಗಲ್ಲ, ಟ್ರಿಪ್ಟೇಸ್ ಎಂಬ ಕಿಣ್ವ ಇದ್ದಲ್ಲಿ ಮಾತ್ರ ಹೋಗಿ ಅಂಟುತ್ತದೆ. ಕೈಮೇಸ್ ಎಂಬ ಇನ್ನೊಂದು ಕಿಣ್ವಕ್ಕೆ ಬೇರೆ ಪ್ರತಿಕಾಯ ಬೇಕು. ಚರ್ಮದ ಮಾಸ್ಟ್ ಕೋಶಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ, ಶ್ವಾಸಕೋಶದ ಗಾಳಿಗೂಡುಗಳ ಬಳಿ ಹೆಚ್ಚಿನವಕ್ಕೆ ಟ್ರಿಪ್ಟೇಸ್ ಒಂದೇ. ಕೋಶಗಳಲ್ಲೂ ಊರಿಂದ ಊರಿಗೆ ಹೀಗೆ ಬೇರೆ ಬೇರೆ ಬದುಕು ಇರುವುದು ನನಗೆ ಪ್ರತಿ ಸಲವೂ ಹೊಸದೆನಿಸುತ್ತದೆ.

ನವೆಂಬರ್ 7, ಶುಕ್ರವಾರ. ರೋಣ

ಮಧ್ಯಾಹ್ನ ಫೋನು. ಗಜೇಂದ್ರಗಡದ ಗುಡ್ಡದ ಹತ್ತಿರ ಕಾಕಾಗೆ ಹೆಜ್ಜೇನು ಹೊಡೆದಿವೆ. ನರಗುಂದದಲ್ಲಿ ಬಸ್ಸು ಬದಲಿಸಿ ಸೀದಾ ರೋಣಕ್ಕೆ ಬಂದೆ. ಕಚ್ಚಿದ್ದು ಕೆಲವೇ ಹುಳ, ಆದರೂ ಮೈತುಂಬ ದದ್ದು, ಉಬ್ಬಸ, ಕಣ್ಣು ಕತ್ತಲೆ. ಗಜೇಂದ್ರಗಡದಲ್ಲೇ ಅಡ್ರಿನಾಲಿನ್ ಅರ್ಧ ಮಿಲಿಗ್ರಾಂ ತೊಡೆಗೆ ಕೊಟ್ಟು, ಮತ್ತೆ ಮರುಕಳಿಸಬಹುದೆಂದು ಇಲ್ಲಿಗೆ ಕಳಿಸಿದ್ದಾರೆ. ಅಲ್ಲಿನ ವೈದ್ಯರು ಪರೀಕ್ಷೆ, ಕಾಗದ ಅಂತ ಕಾಯದೆ ಮೊದಲು ಸೂಜಿ ಹಿಡಿದದ್ದೇ ಕಾಕಾನ ಜೀವ ಉಳಿಸಿತು. ನಾನು ಬಂದಾಗ ಚಹಾ ಕೇಳುತ್ತಿದ್ದರು.

ಮಂಗಳವಾರ ಸ್ಲೈಡಿನಲ್ಲಿ ಚೆಲ್ಲಿದ್ದ ಅವೇ ಕಾಳು ಇವತ್ತು ಕಾಕಾನ ಮೈಯಲ್ಲಿ ಒಮ್ಮೆಲೇ ಚೆಲ್ಲಿದ್ದವು. ಅವುಗಳಿಂದ ಹಿಸ್ಟಮಿನ್ ಬಂದು ನಾಳಗಳನ್ನು ಸಡಿಲಿಸುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಜೊತೆಗೆ ಟ್ರಿಪ್ಟೇಸ್ ರಕ್ತಕ್ಕೆ ಇಳಿಯುತ್ತದೆ.

ನವೆಂಬರ್ 8, ಶನಿವಾರ. ಗಜೇಂದ್ರಗಡ

ಕಾಕಾನನ್ನು ಮನೆಗೆ ಕರೆತಂದೆವು. ರಾತ್ರಿ ಊಟಕ್ಕೆ ಕೂತಾಗ ಚಿಗವ್ವ ಕೇಳಿದಳು: "ನಿಮ್ಮ ಲ್ಯಾಬಿನಾಗಿನ ಔಷಧ ಒಂದೀಟು ತಂದಿದ್ರ ಇವರ ರಕ್ತ ಇಲ್ಲೇ ನೋಡಬಹುದಿತ್ತಲ್ಲ?"

"ಚಿಗವ್ವಾ, ಅದು ಔಷಧ ಅಲ್ಲ. ಮೇಣದಾಗ ಕೂಡಿಸಿ ಕೊಯ್ದ ಚರ್ಮದ ಮ್ಯಾಲೆ ಹಾಕೋದು. ಸೀಸೆ ಮ್ಯಾಲೇನೇ ಬರದಾರ, ಸಂಶೋಧನೆಗೆ ಮಾತ್ರ ಅಂತ."

ಆ ಬರಹ ಅಲಂಕಾರಕ್ಕಲ್ಲ. ರೋಗಿಯ ರಕ್ತ ಅಳೆಯಲು ಅಳತೆ ಖಾತ್ರಿಪಡಿಸಿದ, ಅದಕ್ಕೆಂದೇ ತಯಾರಾದ ಕಿಟ್ ಬೇಕು. ನಮ್ಮ ಪ್ರತಿಕಾಯ ಕೋಶ ಎಲ್ಲಿದೆ ಎಂದು ತೋರಿಸಬಲ್ಲದು, ರಕ್ತದಲ್ಲಿ ಎಷ್ಟಿದೆ ಎಂದು ಅಳೆದು ಹೇಳಲಾರದು. ಇದರ ಮೇಲೆ ಯಾರದಾದರೂ ಚಿಕಿತ್ಸೆ ನಿರ್ಧರಿಸುವುದು ತಪ್ಪು, ಎಷ್ಟೇ ಆಪ್ತರಿರಲಿ.

ನವೆಂಬರ್ 9, ಭಾನುವಾರ. ಗಜೇಂದ್ರಗಡ

ಚಿಗವ್ವನ ಪ್ರಶ್ನೆಯೇ ತಲೆಯಲ್ಲಿ. ಕಚ್ಚಿದ ಒಂದೆರಡು ತಾಸಿನಲ್ಲಿ ಟ್ರಿಪ್ಟೇಸ್ ಏರುತ್ತದೆ, ಆಮೇಲೆ ಸುಮಾರು ಎರಡು ತಾಸಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಚಿಕಿತ್ಸೆ ಕೊಟ್ಟ ಕೂಡಲೇ, ನಾಲ್ಕು ತಾಸಿನೊಳಗೆ ಒಂದು ರಕ್ತ, ಪೂರ್ತಿ ಗುಣವಾಗಿ 24 ತಾಸು ಕಳೆದ ಮೇಲೆ ಇನ್ನೊಂದು ತೆಗೆಯಬೇಕು. ಎರಡನೆಯದನ್ನು 1.2ರಿಂದ ಗುಣಿಸಿ 2 ಕೂಡಿಸಿದರೆ ಬರುವ ನ್ಯಾನೋಗ್ರಾಂ ಲೆಕ್ಕವನ್ನು ಮೊದಲನೆಯದು ಮುಟ್ಟಿದರೆ ಅಥವಾ ದಾಟಿದರೆ ಮಾಸ್ಟ್ ಕೋಶಗಳೇ ಸಿಡಿದವು ಎಂದರ್ಥ.

ಮೊದಲನೆಯ ರಕ್ತ ನಮಗೆ ಸಿಗಲಿಲ್ಲ. ಆ ಹೊತ್ತಿನಲ್ಲಿ ಉಸಿರೇ ಮುಖ್ಯವಿತ್ತು. ಎರಡನೆಯದು ಮಾತ್ರ ಈಗಲೂ ಸಾಧ್ಯ, ಅದಕ್ಕೂ ತೂಕವಿದೆ. ಸುಮ್ಮನಿದ್ದಾಗಲೂ ಟ್ರಿಪ್ಟೇಸ್ ಮಿಲಿಲೀಟರಿಗೆ 11.4 ನ್ಯಾನೋಗ್ರಾಂ ದಾಟಿದ್ದರೆ ಮಾಸ್ಟ್ ಕೋಶಗಳೇ ಅತಿಯಾಗುವ ಮಾಸ್ಟೋಸೈಟೋಸಿಸ್ ರೋಗ ಇದೆಯೇ ಎಂದೂ, ಮನೆತನದಲ್ಲೇ ಈ ಕಿಣ್ವ ಹೆಚ್ಚಿರುವುದೇ ಎಂದೂ ನೋಡಬೇಕಾಗುತ್ತದೆ. ಹೆಜ್ಜೇನಿಗೋ ಕಣಜಕ್ಕೋ ಹೀಗೆ ಕುಸಿದು ಬೀಳುವವರಲ್ಲಿ ಈ ಪರೀಕ್ಷೆಯನ್ನು ಬಿಡಲೇಬಾರದು.

ಕಾಕಾ ಒಪ್ಪಿದ್ದಾರೆ. ನಾಳೆ ರಕ್ತ ತೆಗೆಸಿ, ಈ ಪರೀಕ್ಷೆ ಮಾಡುವ ಲ್ಯಾಬಿಗೆ ಕಳಿಸುತ್ತೇವೆ. ಅಡ್ರಿನಾಲಿನ್ ಜೊತೆಗಿಟ್ಟುಕೊಳ್ಳುವುದು ಹೇಗೆ ಎಂದು ವೈದ್ಯರನ್ನು ಕೇಳಬೇಕು. ವರದಿ ಏನೇ ಬರಲಿ, ಇನ್ನು ಮೇಲೆ ಅವರು ಗುಡ್ಡದ ಕಡೆ ಒಬ್ಬರೇ ಹೋಗಕೂಡದು.