ಆರದೇ ಉಳಿದ ಜೀನು

ತಮ್ಮ ಒಂದು ವೃಷಣ ತೆಗೆಸಿಕೊಂಡಾಗ ಅವನಿಗೆ 29. ರಿಪೋರ್ಟಿನಲ್ಲಿ ‘ಸೆಮಿನೋಮಾ, ಆಕ್ಟ್-4 ಪಾಸಿಟಿವ್’ ಅಂತಿತ್ತು. ‘ಆ ಬೈಕಿಂದಲೇ ಆಗಿದ್ದು’ ಅಂತ ಅಮ್ಮನ ಗೊಣಗಾಟ. (ಅಂಗದ ಹೆಸರೆತ್ತೋಕೂ ನಮ್ಮನೇಲಿ ನಾಚಿಕೆ.)

ಕೂತು ಓದಿದೆ. ಆಕ್ಟ್-4 ಭ್ರೂಣದ ಬೀಜಕೋಶಗಳಲ್ಲಿ ಉರಿಯೋ ಜೀನು. ಯಾವ ಅಂಗಾಂಶ ಬೇಕಾದ್ರೂ ಆಗಬಲ್ಲ ಗುಣವನ್ನು ಕಾಯೋದು ಅದರ ಕೆಲಸ. ಗಂಡುಮಗುವಿನಲ್ಲಿ ಆ ಕೋಶಗಳು ವೀರ್ಯಾಣುವಿನ ದಾರಿ ಹಿಡಿಯುವಾಗ ಅದು ಆರಬೇಕು. ಕೆಲವು ಕೋಶಗಳಲ್ಲಿ ಆರೋದೇ ಇಲ್ಲ. ಅವು ವರ್ಷಗಟ್ಟಲೆ ಸುಮ್ಮನಿದ್ದು, ಹರೆಯ ಬಂದ ಮೇಲೆ ಬೆಳೆಯತೊಡಗುತ್ತವೆ. ಕ್ಯಾನ್ಸರಿಗೆ ಮುಂಚಿನ ಇಂಥ ಕೋಶಗಳನ್ನು ಡೆನ್ಮಾರ್ಕಿನ ಸ್ಕಾಕೆಬೆಕ್ 1972ರಲ್ಲೇ ವಿವರಿಸಿದ್ದರು.

‘ಬೈಕಲ್ಲಮ್ಮ, ಹುಟ್ಟೋಕೆ ಮುಂಚೇನೇ ಶುರುವಾಗಿರುತ್ತೆ’ ಅಂದೆ.

‘ಹಂಗಾದ್ರೆ ನನ್ನ ಹೊಟ್ಟೇಲಾ?’

ಒಳಗಿಂದ ತಮ್ಮ ಕೂಗಿದ: ‘ವಾಸಿಯಾಗುತ್ತೆ ಅಂದಿದಾರಲ್ಲ ಡಾಕ್ಟ್ರು, ಕಾಫಿ ಕೊಡಮ್ಮ!’