ತುಂಗೆಯ ದಾರಿಯಲ್ಲಿ ಕೈಗೊಂದು ಕೆಲಸ

ಕೂತಲ್ಲಿ ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಎಂಬ ಮಾತು ಮಲೆನಾಡಿನ ಜಗಲಿಗಳಲ್ಲಿ ಇನ್ನೂ ಬದುಕಿದೆ. ಸಾಮಾನ್ಯವಾಗಿ ಇದನ್ನು ಹಿರಿಯರು ಹೇಳುವುದು, ಮಕ್ಕಳು ಕೇಳುವುದು. ನರಸಿಂಹರಾಜಪುರದಿಂದ ಹೊರಟ ಆ ಬೆಳಗಿನ ಬಸ್ಸಿನಲ್ಲಿ ಮಾತ್ರ ಅದು ತಿರುಗುಮುರುಗಾಗಿತ್ತು. ಕಾಲು ಕುಣಿಸುತ್ತಿದ್ದವರು ಅಪ್ಪ, ಗದರುತ್ತಿದ್ದವಳು ಪಿಯುಸಿ ಓದುವ ಮಗಳು.

“ಅಪ್ಪಯ್ಯ, ಒಂದ್ ಗಳಿಗೆ ಸುಮ್ನೆ ಕೂತ್ಕೊ ಮಾರಾಯ.”

ಪರೀಕ್ಷೆಗೆ ಮುನ್ನ ಶೃಂಗೇರಿಗೆ ಹೋಗಿ ಶಾರದಾಂಬೆಗೆ ಕೈಮುಗಿದು ಬರುವುದು ಅವರ ಉದ್ದೇಶ. ಪರೀಕ್ಷೆ ಮಗಳದಾದರೂ ಚಡಪಡಿಕೆಯೆಲ್ಲ ಅಪ್ಪನದು. ಕಾರಣ ಬೇರೆಯೇ ಇತ್ತು. ಅವರು ಕವಳ ಬಿಟ್ಟು ಹದಿನೈದು ದಿನವಾಗಿತ್ತು. ಬಾಯಿ ಚಪಲಕ್ಕೆ ಲವಂಗವಿದೆ. ಆದರೆ ಎಲೆಯ ನಾರು ತೆಗೆದು, ಸುಣ್ಣ ಸವರಿ, ಮಡಿಸಿ ರೂಢಿಯಾದ ಬೆರಳುಗಳಿಗೆ ಏನಿದೆ? ಜೇಬಿನ ಪೆನ್ನು ‘ಟಿಕ್ ಟಿಕ್’ ಎನ್ನುತ್ತಲೇ ಇತ್ತು.

ಕೊಪ್ಪ ಸಮೀಪಿಸಿದಂತೆ ರಸ್ತೆಯ ಇಕ್ಕೆಲದಲ್ಲೂ ಅಡಿಕೆ ತೋಟ. ಕೊಯ್ಲಿನ ಕಾಲದಲ್ಲಿ ಈ ಊರುಗಳ ಮನೆಗಳಲ್ಲಿ ರಾತ್ರಿ ಅಡಿಕೆ ಸುಲಿಯುವುದನ್ನು ನೋಡಿದವರಿಗೆ ಕೈಗೂ ಮನಸ್ಸಿಗೂ ಇರುವ ನಂಟು ಹೊಸತಲ್ಲ. ಮೆಟ್ಟುಗತ್ತಿಯ ಮುಂದೆ ಕೂತವರ ಕೈ ತನ್ನಷ್ಟಕ್ಕೆ ಸುಲಿಯುತ್ತಿರುತ್ತದೆ, ಕಿವಿ ಪಕ್ಕದವರ ಕಥೆಯ ಕಡೆಗಿರುತ್ತದೆ. ಬರಿಗೈಯಲ್ಲಿ ಅದೇ ಕಥೆ ಕೇಳಲು ಕೂತವರು ಎಷ್ಟೋ ಮೊದಲೇ ತೂಕಡಿಸುತ್ತಾರೆ!

ಇದಕ್ಕೆ ಪ್ರಯೋಗದ ಆಧಾರವೂ ಉಂಟು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 40 ಜನರಿಗೆ ಬೇಸರ ತರಿಸುವ ದೂರವಾಣಿ ಸಂದೇಶವೊಂದನ್ನು ಕೇಳಿಸಿದರು. ಅರ್ಧದಷ್ಟು ಜನ ಕೇಳುತ್ತಲೇ ಕಾಗದದ ಮೇಲಿನ ಚೌಕ, ವೃತ್ತಗಳಿಗೆ ಪೆನ್ಸಿಲ್ಲಿನಿಂದ ಬಣ್ಣ ತುಂಬಬೇಕು, ಉಳಿದವರು ಸುಮ್ಮನೆ ಕೇಳಬೇಕು. 2009ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ಗೀಚುತ್ತಿದ್ದವರೇ ಶೇ 29ರಷ್ಟು ಹೆಚ್ಚು ವಿವರ ನೆನಪಿಟ್ಟಿದ್ದರು. ಹಾಗೆಂದು ಕೈಗೆ ಏನು ಕೊಟ್ಟರೂ ನಡೆಯುತ್ತದೆ ಎಂದಲ್ಲ. 2017ರಲ್ಲಿ ಮಕ್ಕಳ ಕೈಯಲ್ಲೆಲ್ಲ ಗಿರಗಿರನೆ ತಿರುಗಿದ ಫಿಜೆಟ್ ಸ್ಪಿನ್ನರ್ ನೆನಪಿರಬಹುದು. ಅದನ್ನು ತಿರುಗಿಸುತ್ತ ಪಾಠದ ವಿಡಿಯೊ ನೋಡಿದವರಿಗೆ ಪಾಠವೇ ಕಡಿಮೆ ನೆನಪಿತ್ತೆಂದು ಅಮೆರಿಕದ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ತಿರುಗುವ ವಸ್ತು ಕಣ್ಣನ್ನು ಎಳೆಯುತ್ತದೆ. ಸುಲಿಯುವ ಅಡಿಕೆ, ಒಮ್ಮೆ ಕೈಗೆ ಕುದುರಿದ ಮೇಲೆ, ಅಷ್ಟಾಗಿ ಎಳೆಯುವುದಿಲ್ಲ.

ಅಪ್ಪನಿಗೆ ಮತ್ತೆ ಅಡಕತ್ತರಿ ಕೊಟ್ಟುಬಿಡಬಹುದಲ್ಲ ಎಂದರೆ, ಬೇಡ. ಹೋಳಾದ ಅಡಿಕೆಯ ದಾರಿ ಬಾಯಿಯ ಕಡೆಗೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೆ ಸೇರಿಸಿದೆ. ಅಡಿಕೆಯ ದುಡ್ಡಿನಲ್ಲೇ ಮಕ್ಕಳನ್ನು ಓದಿಸುವ ಸೀಮೆಯಲ್ಲಿ ಈ ಮಾತು ಕಹಿ. ಆದರೂ ಹೇಳದೆ ವಿಧಿಯಿಲ್ಲ.

ಹರಿಹರಪುರದಲ್ಲಿ ತುಂಗೆ ಕಾಣಿಸಿಕೊಂಡಳು. ಶೃಂಗೇರಿಯಲ್ಲಿ ಇಳಿದು ದೇವಸ್ಥಾನದ ಬೀದಿ ಹಿಡಿದರೆ ಅಂಗಡಿಗಳ ತುಂಬ ಜಪಮಾಲೆ. ಬೆರಳಿಗೆ ಒಗ್ಗುವ ವಸ್ತು ಹೇಗಿರಬೇಕೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು. ರುದ್ರಾಕ್ಷಿಯ ಮೈ ತರಿತರಿ, ಪ್ರತಿ ಮಣಿಯೂ ಬೆರಳಿಗೆ ಬೇರೆಬೇರೆಯಾಗಿ ತಿಳಿಯುತ್ತದೆ. ಸ್ಫಟಿಕ ಮುಟ್ಟಿದೊಡನೆ ತಣ್ಣಗೆ, ಏಕೆಂದರೆ ಅದು ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ತುಳಸಿಮಣಿ ಮರದ್ದಾದ್ದರಿಂದ ಬೆಚ್ಚಗೆ, ಹಗುರ. 108 ಮಣಿಗಳ ಮಾಲೆ ಜೇಬಿನಲ್ಲಿ ಗಂಟಾದೀತು, 27ರದ್ದು ಮುಷ್ಟಿಯಲ್ಲಿ ಅಡಗುತ್ತದೆ. ಹೆಬ್ಬೆರಳು, ನಡುಬೆರಳಷ್ಟೇ ಓಡಾಡಬೇಕು, ತೋರುಬೆರಳು ತಾಗಬಾರದೆಂಬ ಸಂಪ್ರದಾಯವಿದೆ. ಕೈಯನ್ನೇ ಗೋಮುಖಿಯೆಂಬ ಚೀಲದೊಳಗಿಟ್ಟು ಎಣಿಸುವವರೂ ಇದ್ದಾರೆ. ಅಂದರೆ ಸದ್ದಿಲ್ಲ, ನೋಡಬೇಕಿಲ್ಲ, ಪಕ್ಕದವರಿಗೆ ತೊಂದರೆಯಿಲ್ಲ. ಮುಸ್ಲಿಮರ 99 ಅಥವಾ 33 ಮಣಿಗಳ ತಸ್ಬಿ, ಕ್ಯಾಥೊಲಿಕರ ಹತ್ತತ್ತು ಮಣಿಗಳ ಜಪಸರ, ಜೈನರ 108ರ ಮಾಲೆ, ಎಲ್ಲದರ ಗುಣವೂ ಇದೇ. ಚರ್ಚು, ಮಸೀದಿ, ಸಿಂಹನಗದ್ದೆಯ ಬಸದಿ ಮೂರನ್ನೂ ಕಂಡ ನರಸಿಂಹರಾಜಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಗಳು 27 ಮಣಿಯ ತುಳಸಿಮಾಲೆ ಎತ್ತಿ ತೋರಿಸಿದಳು. ಅಪ್ಪ ತಲೆಯಾಡಿಸಿದರು. “ಜಪದ್ದು ಜಪಕ್ಕೇ ಇರ್ಲಿ. ಬಸ್ಸಲ್ಲಿ ಕೂತು ಆಟಕ್ಕೆ ತಿರುಗ್ಸೋದಲ್ಲ.” ಅವರ ಮಾತು ಸರಿ. ಯಾವ ಧರ್ಮದವರೇ ಆಗಲಿ, ಪೂಜ್ಯವೆಂದು ಭಾವಿಸಿದ ವಸ್ತುವನ್ನು ಚಡಪಡಿಕೆಗೆ ಬಳಸಿದರೆ ಮನಸ್ಸಿನಲ್ಲಿ ಇನ್ನೊಂದು ಚಡಪಡಿಕೆ ಶುರುವಾಗುತ್ತದೆ.

ದರ್ಶನ ಮುಗಿಸಿ ವಿದ್ಯಾಶಂಕರ ದೇವಾಲಯಕ್ಕೆ ಬಂದರು. ಹದಿನಾಲ್ಕನೆಯ ಶತಮಾನದ ಈ ಗುಡಿಯ 12 ರಾಶಿಕಂಬಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಮಕ್ಕಳಿಗೆ ಇಷ್ಟವಾಗುವುದು ಕಂಬದ ಸಿಂಹಗಳ ಬಾಯೊಳಗಿನ ಕಲ್ಲುಗುಂಡು. ಅದು ಒಳಗೇ ಉರುಳುತ್ತದೆ, ಹೊರಗೆ ಬಾರದು. ಅಂದಿನ ಶಿಲ್ಪಿಗೂ ಬೆರಳಿನ ಆಸೆ ಗೊತ್ತಿತ್ತೇನೋ! ಹಳೆಯ ಕಲ್ಲು ಸವೆಯದಿರಲು ಈಗ ಕಣ್ಣಲ್ಲೇ ನೋಡಿ ತೃಪ್ತಿಪಡುವುದು ಒಳ್ಳೆಯದು.

ಆಯ್ಕೆ ಕೊನೆಗೆ ನಡೆದದ್ದು ಹೊಳೆಯ ದಡದಲ್ಲಿ. ಫೆಬ್ರವರಿಯ ತುಂಗೆಯಲ್ಲಿ ನೀರು ಇಳಿದು ಕಲ್ಲುಗಳು ತೇಲಿದ್ದವು. ಮಳೆಗಾಲದ ಪ್ರವಾಹದಲ್ಲಿ ಒಂದಕ್ಕೊಂದು ತಿಕ್ಕಿ ತಿಕ್ಕಿ ಮೂಲೆ ಕಳೆದುಕೊಂಡ ಕಲ್ಲುಗಳು. ಮಗಳು ನಾಲ್ಕೈದನ್ನು ಹೆಕ್ಕಿ ಒಂದೊಂದಾಗಿ ಅಪ್ಪನ ಅಂಗೈಗಿಟ್ಟಳು. ಒಂದು ದೊಡ್ಡದಾಯಿತು, ಇನ್ನೊಂದಕ್ಕೆ ಚೂಪು ಅಂಚು. ಮೂರನೆಯದು ಅವರೆಕಾಳನ್ನು ಹತ್ತು ಪಟ್ಟು ದೊಡ್ಡದು ಮಾಡಿದಂತಿತ್ತು, ಒಂದು ಬದಿ ಹೆಬ್ಬೆರಳಿಗೆಂದೇ ತಗ್ಗಿದಂತೆ. ಕಣ್ಣು ಮುಚ್ಚಿ ತಿರುಗಿಸಿ ನೋಡಿದ ಅಪ್ಪ ಅದನ್ನು ಜೇಬಿಗೆ ಹಾಕಿಕೊಂಡರು. ಓದುವ ಮೇಜಿಗೂ ಇಂಥದೊಂದು ಸಾಕು. ಕೈ ಜಾರಿ ಬಿದ್ದರೆ ಸದ್ದಾಗದಂತೆ ಕೆಳಗೊಂದು ಬಟ್ಟೆ ಹಾಸಿಕೊಳ್ಳಬೇಕು, ಅಷ್ಟೆ.

ಮರಳುವ ಬಸ್ಸಿನಲ್ಲಿ ಅಪ್ಪನ ಕಾಲು ಸುಮ್ಮನಿತ್ತು. ಬಲಗೈ ಜೇಬಿನಲ್ಲಿತ್ತು. ಕೊಪ್ಪ ದಾಟುವ ಹೊತ್ತಿಗೆ ‘ಟಿಕ್ ಟಿಕ್’ ಮತ್ತೆ ಕೇಳಿಸಿತು. ಮಡಿಲಲ್ಲಿ ರಸಾಯನಶಾಸ್ತ್ರದ ಪುಸ್ತಕ ತೆರೆದು ಕೂತಿದ್ದ ಮಗಳ ಕೈಯಲ್ಲಿ ಅಪ್ಪನ ಪೆನ್ನಿತ್ತು.