ಎರಡು ಬಕೆಟ್ ಎಣ್ಣೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಎಣ್ಣೆಯ ವಿಚಾರವನ್ನು ಬರೆಯುತ್ತೇನೆಂದಾಗ ಹಿಂದಿನ ಬೆಂಚಿನ ಗೆಳೆಯರು ನಕ್ಕರು. ಅವರು ತಿಳಿದ ಎಣ್ಣೆ ಇದಲ್ಲ. ನಾನು ಹೇಳಹೊರಟಿರುವುದು ಲಾರಿಯ ಡೀಸೆಲ್ ಎಂಜಿನ್ನಿಗೆ ಹಾಕುವ ಎಣ್ಣೆಯನ್ನು ಕುರಿತು. ಕುಮಾರವ್ಯಾಸನನ್ನೋ ವಿಜಯನಗರದ ಪತನವನ್ನೋ ಕುರಿತು ಬರೆಯಲು ನನಗಿಂತ ಯೋಗ್ಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಎಂಜಿನ್ ಎಣ್ಣೆಯ ವಿಷಯದಲ್ಲಿ ಮಾತ್ರ ನನಗೆ ಪ್ರತಿಸ್ಪರ್ಧಿಗಳು ಕಡಮೆ. ನಮ್ಮ ಮನೆಯಲ್ಲಿ ಒಂದು ಲಾರಿಯಿದೆ, ದೊಡ್ಡಪ್ಪನವರದು. ತಿಪಟೂರಿನ ಕೊಬ್ಬರಿ, ಚಿತ್ರದುರ್ಗದ ಕಡೆಯ ಈರುಳ್ಳಿ, ಯಾವುದು ಸಿಕ್ಕಿದರೆ ಅದನ್ನು ಹೊತ್ತು ತಿರುಗುವ ಹಳೆಯ ಲಾರಿ. ಅದು ನಿಂತರೆ ಮನೆಯ ಒಲೆಯೂ ನನ್ನ ಫೀಸೂ ನಿಂತ ಹಾಗೆಯೇ. ಆದುದರಿಂದ ನಮ್ಮಲ್ಲಿ ಎಣ್ಣೆಯನ್ನು ಕುರಿತು ಮಾತನಾಡುವಾಗ ಯಾರೂ ನಗುವುದಿಲ್ಲ.

ಹತ್ತು ಹನ್ನೆರಡು ವರ್ಷಗಳಿಂದ ದೊಡ್ಡಪ್ಪನವರು ಒಂದೇ ಅಂಗಡಿಯಲ್ಲಿ ಒಂದೇ ಹೆಸರಿನ, ಒಂದೇ ದರ್ಜೆಯ ಎಣ್ಣೆಯನ್ನು ತರುತ್ತಿದ್ದಾರೆ. ಇಪ್ಪತ್ತು ಲೀಟರಿನ ಬಕೆಟ್ಟು. ಸುಮಾರು ಹದಿನೈದು ಲೀಟರು ಎಂಜಿನ್ನಿನ ಚೇಂಬರಿಗೆ ಹೋದರೆ, ಉಳಿದದ್ದು ಆಗಾಗ ಮೇಲೆ ತುಂಬುವುದಕ್ಕೆ. ಕಳೆದ ಬೇಸಿಗೆಯಲ್ಲಿ ಹೊಸ ಬಕೆಟ್ಟು ಒಡೆದು ಎಣ್ಣೆ ಬದಲಿಸಿದ ಮೇಲೆ ಲಾರಿ ಮೂರು ದಿನ ಓಡಿತು. ನಾಲ್ಕನೆಯ ದಿನ ಗ್ಯಾರೇಜಿನ ಮೇಸ್ತ್ರಿ ಗೇಜಿನ ಕಡ್ಡಿಯನ್ನು ನೋಡಿ, ಒಂದಿಷ್ಟು ಹಾಕೋಣವೆಂದು ಹಳೆಯ ಬಕೆಟ್ಟಿನ ತಳದಲ್ಲಿದ್ದುದನ್ನು ಒಂದು ಮಗ್ಗಿಗೆ ಸುರಿದರು. ಅದು ಸಾಲದೆ ಹೊಸದರಿಂದ ಇನ್ನೊಂದು ಮಗ್ಗಿಗೆ ಬಗ್ಗಿಸಿದರು. ಬಗ್ಗಿಸಿದವರು ಹಾಗೆಯೇ ನಿಂತರು.

ಹಳೆಯದು ತಿಳಿಜೇನಿನ ಬಣ್ಣ. ಹೊಸದು ಡಿಕಾಕ್ಷನ್ನಿಗೆ ನೀರು ಬೆರೆಸಿದಂತೆ ಕಂದುಗೆಂಪು. ವಾಸನೆಯೂ ಬೇರೆ. ಮೇಸ್ತ್ರಿ ಎರಡು ಬೆರಳಿನ ನಡುವೆ ತಿಕ್ಕಿ ನೋಡಿ, ಹೊಸದು ನೀರುನೀರಾಗಿದೆಯೆಂದೂ ತೀರ್ಮಾನಿಸಿದರು.

“ಗೌಡ್ರೇ, ಇದು ಅಸಲಿ ಮಾಲಲ್ಲ.”

ಮೇಸ್ತ್ರಿಯ ಸಂಶಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಖಾಲಿ ಬಕೆಟ್ಟು, ಡಬ್ಬಗಳನ್ನು ಕೊಂಡು, ಒಮ್ಮೆ ಬಳಸಿ ಸೋಸಿದ ಎಣ್ಣೆಯನ್ನು ತುಂಬಿ ಮಾರುವವರು ನಮ್ಮ ದೇಶದಲ್ಲಿದ್ದಾರೆ. ತಿಳಿದವರು ಎಣ್ಣೆ ಮುಗಿದೊಡನೆ ಬಕೆಟ್ಟಿಗೆ ತೂತು ಹೊಡೆದೇ ಬಿಸಾಡುವುದು ಇದಕ್ಕಾಗಿ. ಆದರೆ ಮೇಸ್ತ್ರಿ ಈ ಮಾತನ್ನು ಆಡಿದ ಮೇಲೆ ನಡೆದದ್ದು ನನಗೆ ಎಣ್ಣೆಗಿಂತ ಹೆಚ್ಚು ಸೋಜಿಗವಾಗಿ ಕಂಡಿತು. ಮೂರು ದಿನ ಅದೇ ಎಣ್ಣೆಯಲ್ಲಿ ಲಾರಿ ಓಡಿಸಿದ್ದ ಡ್ರೈವರಣ್ಣನಿಗೆ ಅಲ್ಲಿಯವರೆಗೆ ಏನೂ ಕೇಳಿಸಿರಲಿಲ್ಲ. ಅಂದಿನ ಸಂಜೆ ಅವನು, ಎಂಜಿನ್ನಿನಲ್ಲಿ ಟಕಟಕ ಶಬ್ದ ಬರುತ್ತಿದೆ, ಏರಿನಲ್ಲಿ ಎಳೆಯುತ್ತಿಲ್ಲ ಎಂದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ನಿಜವಾಗಿಯೂ ಅವನಿಗೆ ಕೇಳಿಸುತ್ತಿತ್ತು!

ಮಾತು ಗ್ಯಾರೇಜಿನಿಂದ ಟೀ ಅಂಗಡಿಗೆ ಬರಲು ಒಂದು ದಿನ ಸಾಕಾಯಿತು. ಮರುದಿನ ಇಬ್ಬರು ಲಾರಿ ಮಾಲೀಕರು ಮನೆಗೇ ಬಂದು, “ಹೌದಂತಲ್ಲ, ಅಲ್ಲಿ ಕಲಬೆರಕೆ ಮಾರ್ತಾರಂತೆ?” ಎಂದು ವಿಚಾರಿಸಿದರು. ದೊಡ್ಡಪ್ಪನವರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಅವರ ಸಂಕಟ ನನಗೆ ಗೊತ್ತಿತ್ತು. 2020ರಲ್ಲಿ ಲಾಕ್‌ಡೌನ್ ಆಗಿ ಲಾರಿ ತಿಂಗಳುಗಟ್ಟಲೆ ನಿಂತಾಗ, ಮತ್ತೆ ರಸ್ತೆಗಿಳಿಯಲು ಎಣ್ಣೆ, ಫಿಲ್ಟರು, ಬ್ಯಾಟರಿ ಎಲ್ಲವನ್ನೂ ಉದ್ದರಿ ಕೊಟ್ಟು, ಹಣ ಯಾವಾಗ ಎಂದು ಒಮ್ಮೆಯೂ ಕೇಳದಿದ್ದವರು ಆ ಅಂಗಡಿಯ ಯಜಮಾನರು. ಅಂಥವರ ಮುಖಕ್ಕೆ ನೀವು ನಕಲಿ ಕೊಟ್ಟಿರಿ ಎಂದು ಹೇಳುವುದು ಹೇಗೆ? ಹೇಳದೆ ಬಿಟ್ಟರೆ, ಮಾತು ನಿಜವಾಗಿದ್ದ ಪಕ್ಷದಲ್ಲಿ, ಎಂಜಿನ್ನಿನ ಗತಿಯೇನು? ರಾತ್ರಿ ಊಟದ ಹೊತ್ತಿನಲ್ಲಿ, “ಏನೋ ಮಗಾ, ಓದ್ದೋನು ನೀನು. ಏನಾರ ನೋಡು” ಎಂದರು. ಇತಿಹಾಸ ಐಚ್ಛಿಕವಾಗಿ ತೆಗೆದುಕೊಂಡವನಿಗೆ ಎಣ್ಣೆಯನ್ನು ನೋಡುವುದು ಹೇಗೆಂಬುದು ಅವರ ಪ್ರಶ್ನೆಯಾಗಿರಲಿಲ್ಲ. ಓದಿದವನು ಎಂದರೆ ಎಲ್ಲವನ್ನೂ ಓದಿದವನು.

ಮೊದಲು ಗಮನಿಸಿದ್ದು ಬಕೆಟ್ಟುಗಳು ಇದ್ದ ಜಾಗವನ್ನು. ಹಳೆಯದು ಗ್ಯಾರೇಜಿನ ಮೂಲೆಯಲ್ಲಿ ಬೆಂಚಿನ ಕೆಳಗೆ ತಣ್ಣಗೆ ಕುಳಿತಿತ್ತು. ಹೊಸದು ಹೊರಗೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿತ್ತು. ಎಣ್ಣೆಯ ಮಂದಕ್ಕೆ ಪಠ್ಯಪುಸ್ತಕದಲ್ಲಿ ಸ್ನಿಗ್ಧತೆಯೆಂದು ಹೆಸರು. ಅದು ಶಾಖಕ್ಕೆ ಎಷ್ಟು ಬೇಗ ಸೋಲುತ್ತದೆಂದರೆ, ಇಂಥ ಎಣ್ಣೆ 30 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಮಂದದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚೇ ಕಳೆದುಹೋಗುತ್ತದೆ. ಮೇಸ್ತ್ರಿಯ ಬೆರಳು ತಪ್ಪು ಹೇಳಿರಲಿಲ್ಲ. ಆದರೆ ಅದು ಹೇಳಿದ್ದು ಬಿಸಿಲಿನ ಸಮಾಚಾರ.

ಎರಡರಿಂದಲೂ ಒಂದೊಂದು ಬಾಟಲಿ ತುಂಬಿ ಮನೆಗೆ ತಂದು, ಒಂದೇ ಪಾತ್ರೆಯ ನೀರಿನಲ್ಲಿ ರಾತ್ರಿಯೆಲ್ಲ ಇಟ್ಟೆ. ಬೆಳಿಗ್ಗೆ ಒಂದೇ ಲಾಳಿಕೆಯಲ್ಲಿ, ಒಂದೇ ಲೋಟದ ಅಳತೆಗೆ, ಒಂದಾದ ಮೇಲೊಂದನ್ನು ಇಳಿಸಿ ಸೆಕೆಂಡು ಎಣಿಸಿದೆ. ಹಳೆಯದು 55, ಹೊಸದು 52. ಮೂರು ಸಲ ಮಾಡಿದರೂ ಹೆಚ್ಚುಕಡಮೆ ಅಷ್ಟೇ. ವ್ಯತ್ಯಾಸ ಇತ್ತು, ಮೇಸ್ತ್ರಿ ಹೇಳಿದಷ್ಟು ಇರಲಿಲ್ಲ. ಬಳಿಕ ದೊಡ್ಡಮ್ಮನ ಕಣ್ಣು ತಪ್ಪಿಸಿ ಹಳೆಯ ಕಾವಲಿಯೊಂದನ್ನು ಕಾಯಿಸಿ ಒಂದೊಂದು ತೊಟ್ಟು ಬಿಟ್ಟೆ. ಎಣ್ಣೆಯಲ್ಲಿ ನೀರು ಸೇರಿದ್ದರೆ ಚಟಪಟ ಸಿಡಿಯುತ್ತದೆ. ಎರಡೂ ಸುಮ್ಮನೆ ಹರಡಿಕೊಂಡವು.

ಕಣ್ಣು ತಪ್ಪಿಸಿದ್ದು ಫಲಿಸಲಿಲ್ಲ. ದೊಡ್ಡಮ್ಮ ಬಂದು, ಕಾವಲಿಗಾಗಿ ಬೈದು, ಆಮೇಲೆ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ, “ಇದಕ್ಕೇನಾ ಇಷ್ಟೆಲ್ಲ? ಬ್ಯಾಡಗಿ ಮೆಣಸಿನಕಾಯಿ ಹಾಕಿದ ವರ್ಷ ಸಾರು ಕೆಂಪಗಿರ್ತದೆ, ಗುಂಟೂರಿಂದು ಹಾಕಿದ ವರ್ಷ ಖಾರ ಇರ್ತದೆ. ಪುಡಿ ಮಾಡೋಳು ನಾನೇ ಅಲ್ವಾ?” ಎಂದರು. ಆಮೇಲೆ ನಾನು ಈ ವಿಷಯದಲ್ಲಿ ಓದಿದ ಹಲವು ಪುಟಗಳು ಈ ಮಾತಿಗೆ ಬರೆದ ವ್ಯಾಖ್ಯಾನದಂತೆಯೇ ಇದ್ದವು.

ಬಕೆಟ್ಟಿನಲ್ಲಿರುವುದರಲ್ಲಿ ಮುಕ್ಕಾಲು ಪಾಲು, ಅದಕ್ಕಿಂತ ಹೆಚ್ಚೂ, ಮೂಲ ಎಣ್ಣೆ. ಉಳಿದದ್ದು ಔಷಧಿ: ಮಸಿಯನ್ನು ಚದುರಿಸಿ ತೇಲಿಸುವುದು, ಆಮ್ಲವನ್ನು ಶಮನಮಾಡುವ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಲವಣ, ಸವೆತ ತಡೆಯುವ ಸತು-ರಂಜಕದ ಸಂಯುಕ್ತ, ನೊರೆ ಏಳದಂತೆ ಚೂರು ಸಿಲಿಕೋನ್, ಹೀಗೆ. ಮೂಲ ಎಣ್ಣೆ ನಮ್ಮ ದೇಶದಲ್ಲಿ ಹಲ್ದಿಯಾ, ಮುಂಬಯಿ, ಚೆನ್ನೈ ಮೊದಲಾದ ಕಡೆ ತಯಾರಾಗುತ್ತದೆ, ಹೊರದೇಶಗಳಿಂದಲೂ ಬರುತ್ತದೆ. ದ್ರಾವಕದಿಂದ ಶುದ್ಧಿಮಾಡಿದ್ದಕ್ಕೆ ಬಣ್ಣವೂ ವಾಸನೆಯೂ ಹೆಚ್ಚು. ಒತ್ತಡದಲ್ಲಿ ಜಲಜನಕ ಹಾಯಿಸಿ ಶುದ್ಧಿಮಾಡಿದ್ದು ಹೆಚ್ಚು ಕಡಮೆ ನೀರಿನಷ್ಟು ತಿಳಿ. ಒಂದು ತಿಂಗಳು ಒಂದು ಕಡೆಯದು, ಮತ್ತೊಂದು ತಿಂಗಳು ಇನ್ನೊಂದು ಕಡೆಯದು ಬಂದು ಸೇರಿದರೆ ಬಣ್ಣ ಬದಲಾಗುವುದು ಸಹಜ. ಹೀಗೆ ಬದಲಿಸುವುದಕ್ಕೂ ನಿಯಮಗಳಿವೆ. ಮನಸ್ಸಿಗೆ ಬಂದಂತೆ ಬೆರೆಸುವಂತಿಲ್ಲ. ಆದರೆ ಆ ನಿಯಮಗಳು ಎಣ್ಣೆ ಮಾಡುವ ಕೆಲಸವನ್ನು ಅಳೆಯುತ್ತವೆ. ಅದರ ಮೈಬಣ್ಣ ಅವಕ್ಕೆ ಬೇಕಿಲ್ಲ.

ಬಕೆಟ್ಟಿನ ಮೇಲಿದ್ದ ಅಂಕೆಗಳ ಅರ್ಥವೂ ಆಗಲೇ ತಿಳಿದದ್ದು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ 1911ರಲ್ಲಿ ಆರಂಭಿಸಿದ ವರ್ಗೀಕರಣ ಅದು. 15ಡಬ್ಲ್ಯು-40 ಎಂಬುದರಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಎಂಜಿನ್ನು ತಿರುಗುವಂತಿರಬೇಕೆಂದು ಅದರ ಪರೀಕ್ಷೆ. ಡಿಸೆಂಬರಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಚಳಿ ಎನ್ನುವ ನಮ್ಮ ಡ್ರೈವರಣ್ಣನಿಗೆ ಇದನ್ನು ಹೇಳಿದಾಗ ಅವನು ನಂಬಲಿಲ್ಲ. ಇನ್ನು 40ರ ವಿಷಯ. ಎಣ್ಣೆಯನ್ನು 100 ಡಿಗ್ರಿಗೆ ಕಾಯಿಸಿದಾಗ ಅದರ ಸ್ನಿಗ್ಧತೆ 12.5 ಸೆಂಟಿಸ್ಟೋಕ್ಸ್‌ಗೆ ಕಡಮೆಯಾಗದೆ, 16.3ನ್ನು ಮುಟ್ಟದೆ ಇದ್ದರೆ ಅದು 40. ಈ ಎರಡು ಅಂಕೆಗಳ ನಡುವೆ ಶೇಕಡ 30ರಷ್ಟು ಅಂತರವಿದೆ. ಒಂದೇ ಹೆಸರಿನ, ಒಂದೇ ದರ್ಜೆಯ ಎರಡು ಬಕೆಟ್ಟುಗಳು ಇಷ್ಟು ದೂರದೂರ ಕುಳಿತೂ ಎರಡೂ ಸತ್ಯವಾದ 40 ಆಗಿರಬಹುದು! ಪಾಠಾಂತರಗಳನ್ನು ನೋಡಿ ಅಭ್ಯಾಸವಿರುವ ನಮ್ಮ ಕನ್ನಡ ಅಧ್ಯಾಪಕರಿಗೆ ಇದು ಹೊಸತೆನಿಸಲಾರದು.

ಕೊನೆಗೆ ಬಕೆಟ್ಟಿನ ಮೇಲಿದ್ದ ದೂರವಾಣಿಗೆ ಮಾತನಾಡಿ, ಎರಡೂ ಬ್ಯಾಚಿನ ಸಂಖ್ಯೆಗಳನ್ನು ಕೊಟ್ಟೆವು. ಎಂಟು ದಿನದ ಮೇಲೆ ಉತ್ತರ ಬಂತು. ಎರಡೂ ಸಂಖ್ಯೆಗಳು ಅವರವೇ. ಮೂಲ ಎಣ್ಣೆ ಬೇರೆ ಬೇರೆ. ಸ್ನಿಗ್ಧತೆ ಹಳೆಯದರದು 14.9, ಹೊಸದರದು 14.2. ಸೀಲು, ಮುಚ್ಚಳಗಳನ್ನು ಪರೀಕ್ಷಿಸುವ ಬಗೆಯನ್ನೂ ತಿಳಿಸಿದರು. ಅದರಂತೆ ನೋಡಿದರೆ ನಮ್ಮದರಲ್ಲಿ ದೋಷ ಕಾಣಲಿಲ್ಲ. ದೊಡ್ಡಪ್ಪನವರು ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡೂ ಸರಿ ಅಂದ್ರೆ, ಯಾವುದೋ ಮಗಾ ಒಳ್ಳೇದು?” ಎಂದರು.

ಇದಕ್ಕೆ ಬಕೆಟ್ಟಿನ ಮುಂದೆ ಕುಳಿತು ಉತ್ತರ ಹೇಳುವುದು ಕಷ್ಟ. ಮಂದವಾದದ್ದು ಲೋಹಗಳ ನಡುವೆ ದಪ್ಪ ಪದರ ಕಟ್ಟಬಹುದು; ತೆಳುವಾದದ್ದು ಎಂಜಿನ್ನನ್ನು ಕಡಮೆ ಎಳೆಯಬಹುದು. ಎಣ್ಣೆಯ ಯೋಗ್ಯತೆ ಗೊತ್ತಾಗುವುದು ದುಡಿದು ಬಂದ ಮೇಲೆ. 1946ರಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೋ ಗ್ರಾಂಡೆ ರೈಲ್ವೆಯವರು ಡೀಸೆಲ್ ಎಂಜಿನ್ನುಗಳ ಬಳಸಿದ ಎಣ್ಣೆಯನ್ನು ಪ್ರಯೋಗಶಾಲೆಗೆ ಕಳಿಸಿ, ಅದರಲ್ಲಿರುವ ಲೋಹದ ಕಣಗಳಿಂದ ಎಂಜಿನ್ನಿನ ಒಳರೋಗವನ್ನು ಕಂಡುಹಿಡಿಯತೊಡಗಿದರು. ಅಂದಹಾಗೆ, ಎಣ್ಣೆ ಬೇಗ ಕಪ್ಪಾಯಿತೆಂದು ಗೋಳಾಡುವವರು ಬಹಳ. ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪಾಗಲೇಬೇಕು. ಮಸಿಯನ್ನು ತಾನು ಹೊತ್ತುಕೊಂಡಿದೆಯೆಂದು ಅದರ ಅರ್ಥ. ಕಪ್ಪಾಗದಿದ್ದರೆ ಆ ಮಸಿ ಎಂಜಿನ್ನಿನೊಳಗೆ ಎಲ್ಲಿ ಕುಳಿತಿದೆಯೋ ಎಂದು ಚಿಂತಿಸಬೇಕು.

ಆ ವಾರ ದೊಡ್ಡಪ್ಪನವರು ಅಂಗಡಿಗೆ ಹೋದರು. ನಾನೂ ಜೊತೆಯಲ್ಲಿದ್ದೆ. ಯಜಮಾನರಿಗೆ ಟೀ ಅಂಗಡಿಯ ಮಾತು ಮುಟ್ಟದೆ ಇದ್ದಿರಲಾರದು, ಮುಖ ಸಪ್ಪಗಿತ್ತು. ಇವರೇನೂ ಹೇಳಲಿಲ್ಲ, ಅವರೇನೂ ಕೇಳಲಿಲ್ಲ. ಅಂಗಡಿಯಲ್ಲಿ ಇನ್ನೂ ನಾಲ್ಕು ಮಂದಿ ಗಿರಾಕಿಗಳಿದ್ದರು. ಅವರೆಲ್ಲರಿಗೂ ಕೇಳಿಸುವಂತೆ ದೊಡ್ಡಪ್ಪನವರು, “ಅದೇ ಎಣ್ಣೆ ಇನ್ನೊಂದು ಬಕೆಟ್ ಕೊಡಿ” ಎಂದರು. ನಮಗೆ ಮೂರು ತಿಂಗಳು ಎಣ್ಣೆ ಬೇಕಾಗಿರಲಿಲ್ಲ.

ಮೇಸ್ತ್ರಿ ಈಗಲೂ ಹಳೆಯ ಬ್ಯಾಚೇ ಮೇಲೆಂದು ವಾದಿಸುತ್ತಾರೆ. 14.9, 14.2 ಎಂಬ ಅಂಕೆಗಳನ್ನು ನಾನೇ ಅವರಿಗೆ ಹೇಳಿದ್ದರಿಂದ ಅವರ ವಾದಕ್ಕೆ ಬಲ ಬಂದಿದೆ. ದೊಡ್ಡಪ್ಪನವರು ಮಾತ್ರ ಪ್ರತಿ ಬಕೆಟ್ಟಿನ ಬ್ಯಾಚ್ ಸಂಖ್ಯೆಯನ್ನೂ ತಯಾರಾದ ತಿಂಗಳನ್ನೂ ಲಾರಿಯ ಲೆಕ್ಕದ ಪುಸ್ತಕದಲ್ಲಿ ಬರೆಸುತ್ತಾರೆ, ಒಂದು ಸಣ್ಣ ಬಾಟಲಿಯಲ್ಲಿ ಮಾದರಿಯನ್ನೂ ತೆಗೆದಿಡುತ್ತಾರೆ. ಕಿಟಕಿಯಲ್ಲಿ ಸಾಲಾಗಿ ನಾಲ್ಕು ಬಾಟಲಿಗಳು ನಿಂತಿದ್ದವು, ನಾಲ್ಕೂ ಬೇರೆ ಬೇರೆ ಬಣ್ಣ. ಈಗ ಮೂರೇ ಇವೆ. ಕೊಟ್ಟಿಗೆಯ ಬಾಗಿಲು ಕಿರುಗುಟ್ಟುತ್ತಿತ್ತೆಂದು ಒಂದನ್ನು ದೊಡ್ಡಮ್ಮ ಅದರ ತಿರುಗಣಿಗೆ ಸುರಿದರು. ಯಾವ ಬ್ಯಾಚಿನದೆಂದು ಕೇಳಿದ್ದಕ್ಕೆ, ಕೈಗೆ ಹತ್ತಿರವಿದ್ದದ್ದು ಎಂದರು.